ಶಾಸ್ತ್ರದಾನ ಮತ್ತು ವಿಜ್ಞಾನ ಮಂದಿರ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಮಾರ್ಗದಲ್ಲಿ ಸಂಡೂರು ತಾಲ್ಲೂಕಿಗೆ ಸೇರಿದ ತೋರಣಗಲ್ಲು ಮತ್ತು ಕುರೆಕುಪ್ಪ ನೆರೆಹೊರೆಯ ಊರುಗಳು. 1971ರಲ್ಲಿ ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಆ ಕಲ್ಲು ಎರಡು ದಶಕಗಳಿಗೂ ಮೀರಿ ಕಲ್ಲಾಗಿಯೇ ಉಳಿಯಿತು. 1994ರಲ್ಲಿ ಖಾಸಗಿ ಕಂಪನಿಯೊಂದು ಸ್ಥಾಪಿತವಾದ ಬಳಿಕವೇ ಅಲ್ಲಿ ಉಕ್ಕಿನ ಕಾರ್ಖಾನೆ ಮೇಲೆದ್ದಿತು. ಇಂದು ಕುರೆಕುಪ್ಪ ಪುರಸಭೆಯನ್ನು ಪಡೆದ ಪಟ್ಟಣವಾಗಿದೆ. ಅಡಿಗಲ್ಲಿಗೂ ಕಾರ್ಯಸಿದ್ಧಿಗೂ ನಡುವೆ ಎಷ್ಟು ದೊಡ್ಡ ಕಂದರವಿರಬಲ್ಲುದೆಂಬುದನ್ನು ಈ ಸೀಮೆಯ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ಆ ಅನುಭವವನ್ನು ನೆನಪಿಸಲು ಕಾರಣವುಂಟು. ನಮ್ಮ ಬಸದಿಗಳ ಟ್ರಸ್ಟುಗಳಲ್ಲಿಯೂ ಅನುಕೂಲಸ್ಥ ಶ್ರಾವಕರ ಮನೆಗಳಲ್ಲಿಯೂ ವಿದ್ಯಾಸಂಸ್ಥೆಗಳಿಗೆ ನೆರವಾಗಬೇಕೆಂಬ ಮಾತು ಪದೇ ಪದೇ ಕೇಳಿಬರುತ್ತದೆ. ಇದು ಸಂತೋಷದ ಸಂಗತಿ. ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಒಂದು ವಿಜ್ಞಾನ ಕಟ್ಟಡವನ್ನು ಕಟ್ಟಿಸಿಕೊಡೋಣ ಎಂಬ ಸಂಕಲ್ಪ ಸುಲಭವಾಗಿ ಹುಟ್ಟುತ್ತದೆ. ಅದರ ಹಿಂದೆಯೇ ಹೆಸರನ್ನು ಎಲ್ಲಿ ಬರೆಸಬೇಕು, ಯಾರಿಂದ ಉದ್ಘಾಟನೆ ಮಾಡಿಸಬೇಕು ಎಂಬ ಚರ್ಚೆಯೂ ಹುಟ್ಟುತ್ತದೆ. ಪ್ರಯೋಗಾಲಯದ ಉಪಕರಣ ಕೆಟ್ಟರೆ ದುರಸ್ತಿಗೆ ಹಣವೆಲ್ಲಿಂದ, ಪಾಠ ಹೇಳುವವರ ವೇತನಕ್ಕೆ ಏನು ಗತಿ ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಏಳುವುದಿಲ್ಲ. ವಿದ್ಯೆಗಾಗಿ ಕೊಡುವವನು ಮೊದಲು ಏನನ್ನು ಕೊಡಬೇಕು? ಈ ಪ್ರಶ್ನೆಗೆ ನಮ್ಮ ಶಾಸನಗಳೂ, ಕರ್ನಾಟಕದ ಒಂದು ಮಹಾಸಂಸ್ಥೆಯ ಇತಿಹಾಸವೂ ಒಂದೇ ಉತ್ತರವನ್ನು ಕೊಡುತ್ತವೆ.

ಹಿಂದಿನವರ ಕ್ರಮ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ವಿಧವಾಗಿ ಹೇಳುವುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ವಿಷಯ. ಇವುಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನ ಮೇರು ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮ ಜಿನಾಲಯ ಮತ್ತು ಅಲ್ಲಿನ 1007ರ ಶಾಸನ ಇಂದಿಗೂ ಇವೆ. ಆದರೆ ಆಕೆಯ ಹೆಸರನ್ನು ಮನೆಮನೆಗೆ ತಲಪಿಸಿದ್ದು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕಾರ್ಯ. ಓಲೆಗರಿಗೆ ಆಯುಸ್ಸು ಕಡಮೆ; ಗೆದ್ದಲು, ತೇವ, ಬೆಂಕಿಗಳಿಗೆ ಅದು ತುತ್ತಾಗುತ್ತದೆ. ಪ್ರತಿಯಿಂದ ಪ್ರತಿಯನ್ನು ಮಾಡುತ್ತಲೇ ಇದ್ದರೆ ಮಾತ್ರ ಗ್ರಂಥ ಉಳಿಯುತ್ತದೆ. ಲಿಪಿಕಾರರ ಅನ್ನಕ್ಕೂ ಓಲೆ ಕಂಠಗಳಿಗೂ ಆಕೆ ದ್ರವ್ಯವನ್ನು ವಿನಿಯೋಗಿಸಿದಳು. ಕಣ್ಣಿಗೆ ಕಾಣುವ ಕಟ್ಟಡದೊಡನೆ ಕಣ್ಣಿಗೆ ಕಾಣದ ನಿತ್ಯದ ವೆಚ್ಚವನ್ನೂ ಆಕೆ ದಾನವೆಂದೇ ಎಣಿಸಿದಳು.

ಬಸದಿಗಳ ದತ್ತಿಶಾಸನಗಳನ್ನು ಓದಿದವರಿಗೆ ಇದೇ ಕ್ರಮ ಮತ್ತೆ ಮತ್ತೆ ಕಾಣಸಿಗುತ್ತದೆ. ಇಂಥವನು ಬಸದಿಯನ್ನು ಮಾಡಿಸಿದನೆಂಬ ಮಾತಿಗೆ ಶಾಸನ ಮುಗಿಯುವುದು ಅಪರೂಪ. ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಬೇರೆ ಬೇರೆ ಉದ್ದೇಶಗಳನ್ನು ಹೇಳಿ, ಗದ್ದೆ, ಬೆದ್ದಲು, ತೋಟಗಳನ್ನು ಮೇರೆ ಸಹಿತ ಬರೆಯುವುದು ವಾಡಿಕೆ. ಕಟ್ಟಿದ ದಿನವೇ ಅದು ಒಡೆಯುವ ದಿನದ ಯೋಚನೆ ಅವರಿಗಿತ್ತು.

ಇದಕ್ಕೆ ನಮ್ಮ ಸೀಮೆಗೇ ಸಂಬಂಧಿಸಿದ ಉದಾಹರಣೆಯೊಂದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ ಮೊದಲಾದ ಪಟ್ಟಣಗಳ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನೆಂಬ ಪ್ರಸಂಗವನ್ನು ನಾವೆಲ್ಲ ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಶ್ರವಣಬೆಳಗೊಳದ ಆ ಶಾಸನದ ಉತ್ತರಾರ್ಧವನ್ನು ಅಷ್ಟಾಗಿ ಗಮನಿಸುವುದಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದನ್ನು ತಿರುಮಲೆಯ ತಾತಯ್ಯನು ನಿರ್ವಹಿಸಬೇಕು. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸಬೇಕು ಎಂಬುದು ಅಲ್ಲಿನ ವ್ಯವಸ್ಥೆ. ಯಾರು ಕೊಡಬೇಕು, ಯಾರು ಎತ್ತಬೇಕು, ಯಾವುದಕ್ಕೆ ವ್ಯಯಿಸಬೇಕು, ಉಳಿದದ್ದನ್ನು ಏನು ಮಾಡಬೇಕು ಎಂಬ ನಾಲ್ಕೂ ಸಂಗತಿಗಳು ಕಲ್ಲಿನ ಮೇಲಿವೆ. ಸೌಹಾರ್ದವು ಮಾತಿನಲ್ಲಿ ನಿಲ್ಲದೆ ವಾರ್ಷಿಕ ಲೆಕ್ಕಕ್ಕೆ ಇಳಿದದ್ದರಿಂದಲೇ ಅದು ವ್ಯವಸ್ಥೆಯಾಯಿತು.

ಹಂಪೆಯ ಪರಿಸರದಲ್ಲಿರುವ ಗಾಣಗಿತ್ತಿ ಬಸದಿಯೂ ಈ ಸಂದರ್ಭದಲ್ಲಿ ಚಿಂತನಾರ್ಹವಾಗಿದೆ. ಎರಡನೆಯ ಹರಿಹರನ ದಂಡನಾಥ ಇರುಗಪ್ಪನು 1385-86ರಲ್ಲಿ ಕುಂಥು ಜಿನನಾಥನಿಗೆ ಈ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದರ ಮುಂದಿನ ಎತ್ತರದ ಕಂಬದ ಸಂಸ್ಕೃತ ಶಾಸನ ತಿಳಿಸುತ್ತದೆ. ಕಟ್ಟಡ ಗಟ್ಟಿಯಾಗಿಯೇ ನಿಂತಿದೆ. ಆದರೆ ಇಂದು ಅದು ಪೂಜಾಸ್ಥಾನವಾಗಿಲ್ಲ, ಸಂರಕ್ಷಿತ ಸ್ಮಾರಕವಾಗಿದೆ. ಇರುಗಪ್ಪ ದಂಡನಾಥನದೆಂದು ಪ್ರಸಿದ್ಧವಾದ ನಾನಾರ್ಥರತ್ನಮಾಲೆ ಎಂಬ ಸಂಸ್ಕೃತ ನಿಘಂಟನ್ನು ಮಾತ್ರ ಶಬ್ದಾರ್ಥ ಜಿಜ್ಞಾಸುಗಳು ಈಗಲೂ ತೆರೆದು ನೋಡುತ್ತಾರೆ. ಕಲ್ಲು ಉಳಿದರೂ ಕಲ್ಲಿನ ಉದ್ದೇಶ ನಿಂತುಹೋಗಬಹುದು. ವಿದ್ಯೆಯನ್ನು ಉಪಯೋಗಿಸುವವರು ಇರುವವರೆಗೆ ಅದು ಬದುಕುತ್ತದೆ.

ಬೆಂಗಳೂರಿನ ವಿಜ್ಞಾನ ಮಂದಿರ

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ ಬಗೆಯನ್ನು ನೋಡೋಣ. ಅದು ಜೈನ ಸಂಸ್ಥೆಯಲ್ಲ. ದಾನಿ ಪಾರಸಿ, ಭೂಮಿಯನ್ನು ಕೊಟ್ಟದ್ದು ಮೈಸೂರು ಸಂಸ್ಥಾನ, ಅನುಮತಿಯನ್ನು ಕೊಡಬೇಕಾದವರು ಆಂಗ್ಲ ಅಧಿಕಾರಿಗಳು. ಆದರೂ ದಾನವಿಧಿಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ಈಚಿನ ಕರ್ನಾಟಕದ ಚರಿತ್ರೆಯಲ್ಲಿ ದೊರೆಯಲಾರದು.

ಜಮ್‌ಸೇಟ್‌ಜಿ ನಸರ್ವಾನ್‌ಜಿ ಟಾಟಾ ಅವರು ಭಾರತದಲ್ಲಿ ಸಂಶೋಧನೆಗೆಂದೇ ಒಂದು ವಿಶ್ವವಿದ್ಯಾಲಯವಿರಬೇಕೆಂದು ಬಯಸಿದರು. ಅದಕ್ಕಾಗಿ ಅವರು ಮುಂದಿಟ್ಟದ್ದು ಕಟ್ಟಡದ ನಕ್ಷೆಯನ್ನಲ್ಲ. ಮುಂಬಯಿಯಲ್ಲಿದ್ದ, ಸುಮಾರು 30 ಲಕ್ಷ ರೂಪಾಯಿ ಬೆಲೆಯ ತಮ್ಮ ಕಟ್ಟಡಗಳನ್ನೂ ಭೂಮಿಗಳನ್ನೂ ದತ್ತಿಯಾಗಿ ಬಿಡುವೆನೆಂದರು. ಅವುಗಳಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ರೂಪಾಯಿ ಉತ್ಪನ್ನ ಬರುವುದೆಂಬುದು ಅಂದಿನ ಲೆಕ್ಕ. ಸಂಸ್ಥೆಯ ಒಂದು ಇಟ್ಟಿಗೆಯೂ ಏಳುವ ಮೊದಲು ಅದರ ವರ್ಷಾಶನದ ಏರ್ಪಾಡು ನಡೆದಿತ್ತು. ಬುರ್ಜೋರ್‌ಜಿ ಪಾದಶಾ ಅವರು ಟಾಟಾ ಅವರ ಪರವಾಗಿ ಯೂರೋಪು, ಅಮೆರಿಕಗಳ ವಿದ್ಯಾಕೇಂದ್ರಗಳನ್ನು ಸುತ್ತಿ ನೋಡಿ ಬಂದರು. 1898ರ ನವೆಂಬರಿನಲ್ಲಿ ಟಾಟಾ ಅವರು ಸ್ವಾಮಿ ವಿವೇಕಾನಂದರಿಗೆ ಬರೆದ ಪತ್ರದಲ್ಲಿ, ಈ ದೇಶದ ತ್ಯಾಗಬುದ್ಧಿಯನ್ನು ವಿಜ್ಞಾನದ ಸಾಧನೆಗೆ ತಿರುಗಿಸಬಹುದೆಂಬ ಆಶಯವನ್ನು ತೋಡಿಕೊಂಡರು. ಅದೇ ವರ್ಷದ ಡಿಸೆಂಬರ್ 31ರಂದು ಯೋಜನೆಯ ಕರಡು ಮುಂಬಯಿಯಲ್ಲಿ ಲಾರ್ಡ್ ಕರ್ಜನ್ ಅವರ ಕೈಸೇರಿತು.

ಕರ್ಜನ್ನರಿಗೆ ಎರಡು ಶಂಕೆಗಳಿದ್ದವು. ಇಂಥ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿಗಳು ಬರುವರೆ? ಕಲಿತವರಿಗೆ ಉದ್ಯೋಗವೆಲ್ಲಿ? ಸಲಹೆಗಾಗಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಸರ್ ವಿಲಿಯಂ ರ‍್ಯಾಮ್ಸೆ ಅವರನ್ನು ಕರೆಸಲಾಯಿತು. 1900ರಲ್ಲಿ ದೇಶವನ್ನು ಸುತ್ತಿದ ಅವರು ಬೆಂಗಳೂರನ್ನು ಸೂಕ್ತ ಸ್ಥಳವೆಂದು ಸೂಚಿಸಿದರು. ಆ ಬಳಿಕ ಮೇಸನ್ ಮತ್ತು ಕ್ಲಿಬರ್ನ್ ಎಂಬವರ ಸಮಿತಿ ಮತ್ತೊಮ್ಮೆ ಪರಿಶೀಲಿಸಿತು. ಪತ್ರಗಳು ಕಚೇರಿಯಿಂದ ಕಚೇರಿಗೆ ಓಡಾಡಿದವು. ವರ್ಷಗಳು ಕಳೆದವು. 1904ರ ಮೇ 19ರಂದು ಟಾಟಾ ಅವರು ಜರ್ಮನಿಯಲ್ಲಿ ತೀರಿಕೊಂಡರು. ತಾವು ಸಂಕಲ್ಪಿಸಿದ ಸಂಸ್ಥೆಯ ಒಂದು ಗೋಡೆಯನ್ನೂ ಅವರು ಕಾಣಲಿಲ್ಲ.

ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಕಾಲಾತಿಕ್ರಮವೂ ಒಂದು. ಕೊಡಬೇಕಾದ ಕಾಲವನ್ನು ಮೀರಿಸುವುದು ಕೊಡದಿರುವುದಕ್ಕೆ ಹತ್ತಿರದ ದೋಷ. ಇಲ್ಲಿ ದೋಷ ದಾನಿಯದಾಗಿರಲಿಲ್ಲ. ಆದರೆ ದಾನಿ ಇಲ್ಲವಾದ ಮೇಲೆ ದಾನದ ಗತಿಯೇನೆಂಬ ನಿಜವಾದ ಪರೀಕ್ಷೆ ಆಗ ಎದುರಾಯಿತು. ಬಾಯಿಮಾತಿನ ವಾಗ್ದಾನವಾಗಿದ್ದರೆ, ಅಥವಾ ತನ್ನ ಹೆಸರಿಗಾಗಿ ಮಾಡಿದ್ದಾಗಿದ್ದರೆ, ಅದು ಅಲ್ಲಿಗೇ ನಿಲ್ಲುತ್ತಿತ್ತು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಅವರು ತಂದೆಯ ವಚನವನ್ನು ತಮ್ಮದೆಂದು ಭಾವಿಸಿ ನಡೆಸಿಕೊಟ್ಟರು. ಆ ಆಸ್ತಿ ತಮ್ಮ ಪಾಲಿಗೆ ಬರಬಹುದಾಗಿತ್ತೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಟಾಟಾ ಅವರಾದರೋ ಸಂಸ್ಥೆಗೆ ತಮ್ಮ ಹೆಸರನ್ನಿಡಬೇಕೆಂದು ಕೇಳಿರಲೇ ಇಲ್ಲ. ಜನರು ಅದನ್ನು ಬಹುಕಾಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆದರು. ಅದು ಜನರ ಕೃತಜ್ಞತೆ. ಸಂಸ್ಥೆಯ ಹೆಸರು ಮಾತ್ರ ಭಾರತದ್ದೇ ಆಗಿ ಉಳಿಯಿತು.

ಮೈಸೂರಿನ ಪಾತ್ರ ಸಣ್ಣದಲ್ಲ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಂಸ್ಥಾನವು ನೆರವಿನ ಮಾತು ಕೊಟ್ಟಿತು. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ತೀರಿಕೊಂಡರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡರು. ಆಳುವವರು ಬದಲಾದರೂ ಕೊಟ್ಟ ಮಾತು ಬದಲಾಗಲಿಲ್ಲ. 1907ರಲ್ಲಿ 371 ಎಕರೆ ಭೂಮಿ ಸಂಸ್ಥೆಗೆ ಸಂದಿತು. ಕಟ್ಟಡಗಳಿಗಾಗಿ 5 ಲಕ್ಷ ರೂಪಾಯಿಗಳನ್ನೂ ಪ್ರತಿವರ್ಷದ ಸಹಾಯಧನವನ್ನೂ ಮೈಸೂರು ನೀಡಿತು. ಭಾರತ ಸರ್ಕಾರವೂ ವಾರ್ಷಿಕ ಅನುದಾನಕ್ಕೆ ಒಪ್ಪಿತು. 1909ರ ಮೇ 27ರಂದು, 1890ರ ಧರ್ಮಾದಾಯ ದತ್ತಿಗಳ ಕಾಯಿದೆಯ ಮೇರೆಗೆ, ಆಸ್ತಿಯನ್ನು ವಿಧಿವತ್ತಾಗಿ ವಹಿಸಿಕೊಡುವ ಆಜ್ಞೆ ಹೊರಬಿದ್ದಿತು.

ಕಟ್ಟಡದ ಸರದಿ ಬಂದದ್ದು ಆಮೇಲೆ. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು. ಅಷ್ಟು ಹೊತ್ತಿಗೆ ಸಂಸ್ಥೆಗೆ ನಿರ್ದೇಶಕರಿದ್ದರು. ರ‍್ಯಾಮ್ಸೆಯವರೊಡನೆ ದುಡಿದ ಮಾರಿಸ್ ಟ್ರಾವರ್ಸ್ ಅವರು 1906ರಲ್ಲಿಯೇ ಬಂದು ಕಾರ್ಯಾರಂಭ ಮಾಡಿದ್ದರು. ಅಡಿಗಲ್ಲು ಬಿದ್ದ ಆರು ತಿಂಗಳೊಳಗೆ, ಜುಲೈ 24ರಂದು, ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಶಾಸ್ತ್ರಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲಾಯಿತು. ಮುಂಬಯಿಯ ಸ್ಟೀವನ್ಸ್ ವಾಸ್ತುಶಿಲ್ಪಿಗಳು ರೂಪಿಸಿದ, ನಡುವೆ ಗೋಪುರವುಳ್ಳ ಕಲ್ಲಿನ ಮುಖ್ಯ ಕಟ್ಟಡ ಇನ್ನೂ ಮೇಲೇಳುತ್ತಿರುವಾಗಲೇ ವಿದ್ಯೆಯ ಕಾರ್ಯ ನಡೆದಿತ್ತು. ಅದರ ಮುಂದೆ ಇಂದು ನಾವು ಕಾಣುವ ಟಾಟಾ ಅವರ ಪ್ರತಿಮೆ ಸ್ಥಾಪಿತವಾದದ್ದು 1922ರಲ್ಲಿ, ಅವರು ತೀರಿಹೋಗಿ ಹದಿನೆಂಟು ವರ್ಷಗಳಾದ ಮೇಲೆ.

ಮೊದಲು ದತ್ತಿ, ಅನಂತರ ಗುರು, ಅನಂತರ ಭೂಮಿ, ಅನಂತರ ಆಡಳಿತದ ವಿಧಿ, ಕಡೆಗೆ ಕಟ್ಟಡ. ಎಲ್ಲವೂ ಮುಗಿದ ಮೇಲೆ ದಾನಿಯ ಸ್ಮರಣೆ. ಇದು ಆ ಸಂಸ್ಥೆ ಬೆಳೆದ ಕ್ರಮ. ನಮ್ಮ ಅನೇಕ ಸಂಕಲ್ಪಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಅಹಮದಾಬಾದಿಗೆ

ಈ ಸಂಸ್ಥೆಯ ಫಲ ಜೈನ ಸಮಾಜದ ಒಂದು ಮನೆತನದ ಮೂಲಕ ಮತ್ತೊಂದು ಸಂಸ್ಥೆಯಾಗಿ ಕುಡಿಯೊಡೆಯಿತು. ಅಹಮದಾಬಾದಿನ ಅಂಬಾಲಾಲ್ ಸಾರಾಭಾಯಿ ಅವರ ಮಗ ವಿಕ್ರಮ್ ಸಾರಾಭಾಯಿ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ತಾಯ್ನಾಡಿಗೆ ಮರಳಿದ ಆ ತರುಣ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನವನ್ನು ಕೈಗೊಂಡರು. ಯುದ್ಧಾನಂತರ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದು ಬಂದವರೇ 1947ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಆರಂಭಿಸಿದರು. ಆಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಮನೆಯಲ್ಲಿ ಮೊದಲಾದ ಕಾರ್ಯ ಎಂ. ಜಿ. ವಿಜ್ಞಾನ ಸಂಸ್ಥೆಯ ಕೊಠಡಿಗಳಲ್ಲಿ ಮುಂದುವರಿಯಿತು. ಸಾರಾಭಾಯಿ ಕುಟುಂಬದ ಕರ್ಮಕ್ಷೇತ್ರ ಶಿಕ್ಷಣ ಪ್ರತಿಷ್ಠಾನವೂ ಅಹಮದಾಬಾದ್ ಎಜುಕೇಷನ್ ಸೊಸೈಟಿಯೂ ಬೆಂಬಲಕ್ಕೆ ನಿಂತವು. ಕೆ. ಆರ್. ರಾಮನಾಥನ್ ಅವರಂಥ ಹಿರಿಯ ವಿಜ್ಞಾನಿ ಮೊದಲ ನಿರ್ದೇಶಕರಾದರು. ಐದನೆಯ ವರ್ಷದಲ್ಲಿ, 1952ರ ಫೆಬ್ರವರಿಯಲ್ಲಿ, ಬೆಂಗಳೂರಿನಿಂದ ಹೋದ ರಾಮನ್ ಅವರು ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. 1954ರ ಏಪ್ರಿಲಿನಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಕಟ್ಟಡ ಬರುವ ಮೊದಲೇ ಅಲ್ಲಿ ಕೆಲಸವೂ ಕೆಲಸಗಾರರೂ ಇದ್ದರು.

ಈ ಎಜುಕೇಷನ್ ಸೊಸೈಟಿಯನ್ನು 1936ರಲ್ಲಿ ಸ್ಥಾಪಿಸಿದ ಪ್ರಮುಖರಲ್ಲಿ ಶೇಠ್ ಕಸ್ತೂರಭಾಯಿ ಲಾಲಭಾಯಿ ಒಬ್ಬರು. ನಮ್ಮ ಬಸದಿಗಳ ಆಡಳಿತಗಾರರು ಇವರನ್ನು ವಿಶೇಷವಾಗಿ ನೆನೆಯಬೇಕು. ಶತ್ರುಂಜಯವೇ ಮೊದಲಾದ ತೀರ್ಥಗಳನ್ನು ನೋಡಿಕೊಳ್ಳುವ ಆನಂದಜಿ ಕಲ್ಯಾಣಜಿ ಪೇಢಿಯ ಅಧ್ಯಕ್ಷತೆಯನ್ನು ದಶಕಗಳ ಕಾಲ ವಹಿಸಿದ್ದವರೂ ಅವರೇ. ರಾಣಕಪುರದ ದೇವಾಲಯದ ಜೀರ್ಣೋದ್ಧಾರ ಅವರ ಮುಂದಾಳುತನದಲ್ಲಿ ನಡೆಯಿತು. ಒಡೆದ ಶಿಲ್ಪವನ್ನು ಮೂಲದ ರೀತಿಗೆ ಸರಿಯಾಗಿ ನಿಲ್ಲಿಸುವ ತಾಳ್ಮೆ ಮತ್ತು ಕಾಲೇಜುಗಳನ್ನು ಕಟ್ಟಿ ಬೆಳೆಸುವ ತಾಳ್ಮೆ ಅವರಲ್ಲಿ ಒಂದೇ ಆಗಿತ್ತು. ದೇವಸ್ಥಾನದ ಹಿತ ಮತ್ತು ವಿದ್ಯಾಲಯದ ಹಿತ ಒಂದಕ್ಕೊಂದು ಎದುರು ಎಂದು ವಾದಿಸುವವರಿಗೆ ಅವರ ಜೀವನವೇ ಸಮಾಧಾನ.

ನಾಲ್ಕು ವಿಶೇಷಗಳು

ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟಾಗುತ್ತದೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಮುನಿಗಳ ಆಹಾರದಾನದಲ್ಲಿ ನಾವು ಇವನ್ನು ಎಚ್ಚರದಿಂದ ಪಾಲಿಸುತ್ತೇವೆ. ವಿದ್ಯಾದಾನಕ್ಕೂ ಇವು ಅನ್ವಯಿಸಬೇಕು.

ವಿಧಿಯೆಂದರೆ ಮೇಲೆ ಕಂಡ ಕ್ರಮ. ಒಂದು ಟ್ರಸ್ಟಿನಲ್ಲಿ ಕೂಡಿಟ್ಟ ಹಣವೆಲ್ಲವನ್ನೂ ಕಲ್ಲು ಸಿಮೆಂಟುಗಳಿಗೆ ಸುರಿದರೆ, ಮರುವರ್ಷ ಒಡೆದ ಗಾಜಿನ ನಳಿಕೆಯನ್ನು ಬದಲಿಸಲೂ ಯಾರನ್ನಾದರೂ ಬೇಡಬೇಕಾಗುತ್ತದೆ. ಕಟ್ಟಡವನ್ನು ಅರ್ಧಕ್ಕೆ ಇಳಿಸಿಯಾದರೂ ಉಳಿದರ್ಧವನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ಉಪಕರಣ, ಪುಸ್ತಕ, ವಿದ್ಯಾರ್ಥಿವೇತನಗಳನ್ನು ನಡೆಸುವುದು ಲೇಸು.

ದ್ರವ್ಯದ ವಿಷಯ ನಮ್ಮ ಸೀಮೆಯಲ್ಲಿ ಸೂಕ್ಷ್ಮವಾದುದು. ದಾನದ ದ್ರವ್ಯ ನ್ಯಾಯದಿಂದ ಗಳಿಸಿದ್ದಾಗಿರಬೇಕು. ಶ್ರಾವಕನು ವರ್ಜಿಸಬೇಕೆಂದು ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ಭೂಮಿಯನ್ನು ಅಗೆದು ಒಡೆಯುವ ಸ್ಫೋಟಕರ್ಮವೂ ಸೇರಿದೆ. ಗಣಿಯ ನಾಡಿನಲ್ಲಿ ಬದುಕುವವರು ಈ ಮಾತನ್ನು ಸುಮ್ಮನೆ ದಾಟಿ ಹೋಗಲಾಗದು. ಅಕ್ರಮ ಗಣಿಗಾರಿಕೆಯ ಕಾರಣದಿಂದ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು. ಅನ್ಯಾಯದ ಗಳಿಕೆಯಿಂದ ಕಟ್ಟಿಸಿದ ವಿದ್ಯಾಮಂದಿರ ಆ ಅನ್ಯಾಯವನ್ನು ತೊಳೆಯುವುದಿಲ್ಲ. ಟ್ರಸ್ಟಿನವರು ದೇಣಿಗೆಯ ಮೊತ್ತವನ್ನು ಕೇಳುವಂತೆಯೇ ಅದರ ಮೂಲವನ್ನೂ ಕೇಳುವ ಧೈರ್ಯ ಮಾಡಬೇಕು. ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿದೆ. ಅಂಥ ಹಣ ಒಳ್ಳೆಯ ಕೆಲಸಕ್ಕೆ ಬರಲಿ. ಆದರೆ ಕಾಯಿದೆಗಾಗಿ ಕೊಡುವುದನ್ನು ತ್ಯಾಗವೆಂದು ಕರೆದುಕೊಳ್ಳುವುದು ಬೇಡ.

ದಾತೃವಿನ ಗುಣವೆಂದರೆ ಕೊಟ್ಟ ಮೇಲೆ ತನ್ನದೆನ್ನದಿರುವುದು. ಪಕ್ಕದ ಊರಿನವರು ಎರಡು ಅಂತಸ್ತು ಕಟ್ಟಿಸಿದರೆಂದು ನಾವು ಮೂರು ಕಟ್ಟಿಸಹೊರಟರೆ ಅದು ಮಾತ್ಸರ್ಯ. ಅದನ್ನೂ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬೋಧಕರ ನೇಮಕದಲ್ಲಿ, ವಿದ್ಯಾರ್ಥಿಗಳ ಪ್ರವೇಶದಲ್ಲಿ ದಾನಿಯ ಮನೆಯವರ ಕೈಯಾಡುತ್ತಿದ್ದರೆ ಅಲ್ಲಿ ದಾನ ಇನ್ನೂ ಪೂರ್ಣವಾಗಿಲ್ಲ.

ಪಾತ್ರವೆಂದರೆ ಪಡೆಯುವ ಸಂಸ್ಥೆಯ ಯೋಗ್ಯತೆ. ದೊಡ್ಡ ನಗರದ ಹೆಸರಾಂತ ಸಂಸ್ಥೆಯೇ ಸತ್ಪಾತ್ರವೆಂದು ತಿಳಿಯಬಾರದು. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪಿತವಾದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಸಂಡೂರಿನ ನಂದಿಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದ್ದು, ಖನಿಜ ಸಂಸ್ಕರಣೆಯಂಥ ಈ ನೆಲಕ್ಕೆ ಹೊಂದುವ ವಿಷಯವನ್ನು ಅಲ್ಲಿ ಕಲಿಸುತ್ತ ಬಂದಿದ್ದಾರೆ. ಅಗೆದ ಭೂಮಿಯನ್ನು ಮತ್ತೆ ಹಸುರಾಗಿಸುವುದು ಹೇಗೆ, ಕೆರೆಗಿಳಿಯುವ ಕೆಮ್ಮಣ್ಣನ್ನು ತಡೆಯುವುದು ಹೇಗೆ, ಧೂಳಿನಿಂದ ಮಕ್ಕಳ ಉಸಿರನ್ನು ಕಾಪಾಡುವುದು ಹೇಗೆ ಎಂಬ ಅಧ್ಯಯನಗಳಿಗೆ ಒಂದು ದತ್ತಿ ನಿಂತರೆ ಅದರಲ್ಲಿ ಶಾಸ್ತ್ರದಾನವೂ ಅಭಯದಾನವೂ ಕೂಡಿಬರುತ್ತವೆ. ಮಣ್ಣು, ನೀರು, ಗಾಳಿಗಳಲ್ಲಿ ಜೀವವಿದೆಯೆಂದು ನಂಬುವ ಧರ್ಮಕ್ಕೆ ಇದಕ್ಕಿಂತ ಸಹಜವಾದ ವಿಜ್ಞಾನಕಾರ್ಯ ಮತ್ತಾವುದು?

ಆದ್ದರಿಂದ ನಮ್ಮ ಟ್ರಸ್ಟುಗಳಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ಕಟ್ಟಡದ ನಕ್ಷೆಯನ್ನು ಬಿಡಿಸುವ ಮೊದಲು ಒಂದು ಹಾಳೆಯ ಮೇಲೆ ನಾಲ್ಕು ಸಾಲುಗಳನ್ನು ಬರೆಯಿರಿ: ಪ್ರತಿವರ್ಷ ಎಷ್ಟು ಕೊಡಬಲ್ಲೆವು, ಯಾರು ಲೆಕ್ಕವಿಡುವರು, ಯಾವುದಕ್ಕೆ ವ್ಯಯವಾಗಬೇಕು, ಉಳಿದದ್ದು ಎಲ್ಲಿಗೆ ಸಲ್ಲಬೇಕು. 1368ರ ಶಾಸನ ಬರೆದುದು ಇಷ್ಟನ್ನೇ. ಆ ನಾಲ್ಕಕ್ಕೂ ಉತ್ತರ ಸಿಕ್ಕಿದ ದಿನ ಅಡಿಗಲ್ಲಿಗೆ ಮುಹೂರ್ತವನ್ನು ನೋಡಬಹುದು. ಸಿಗದಿದ್ದರೆ ಆ ಹಣದಿಂದ ಇಬ್ಬರು ಬಡ ವಿದ್ಯಾರ್ಥಿಗಳನ್ನು ಕಡೆಯವರೆಗೆ ಓದಿಸಿರಿ, ಅದೂ ಶಾಸ್ತ್ರದಾನವೇ.